ಎದೆ ಹಿಡಿದಂತಾಗುತ್ತದೆ ಎಂದಷ್ಟೇ ಹೇಳುತ್ತಿದ್ದೆ

2022ರ ಆಗಸ್ಟ್‌ನಿಂದ ಮರುವರ್ಷದ ಫೆಬ್ರುವರಿಯವರೆಗೆ ನಾನು ನಾಲ್ವರು ವೈದ್ಯರ ಮುಂದೆ ಕುಳಿತು ಹೇಳಿದ್ದು ಒಂದೇ ಮಾತು: ‘ಎದಿ ಹಿಡಿದಂಗಾಗ್ತೈತ್ರಿ, ಉಸಿರು ಸಾಲಂಗಿಲ್ಲ.’ ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಎದೆ ನಿಜವಾಗಿಯೂ ಹಿಡಿಯುತ್ತಿತ್ತು, ಉಸಿರು ನಿಜವಾಗಿಯೂ ಸಾಲುತ್ತಿರಲಿಲ್ಲ. ಆದರೆ ಹೇಳಬೇಕಾದ ಇನ್ನೊಂದು ಮಾತು ಒಳಗೇ ಉಳಿದಿತ್ತು. ಅದು ವೈದ್ಯರ ಮುಂದೆ ಹೇಳಬೇಕಾದ ಮಾತು ಎಂಬುದು ನನಗೇ ತಿಳಿದಿರಲಿಲ್ಲ. ಹೀಗಾಗಿ ಹೇಳಿದಷ್ಟಕ್ಕೆ ತಕ್ಕ ಪರೀಕ್ಷೆಗಳು ನಡೆದವು, ಹೇಳಿದಷ್ಟಕ್ಕೆ ತಕ್ಕ ಮಾತ್ರೆಗಳು ಬಂದವು, ಕಾಯಿಲೆ ಮಾತ್ರ ಇದ್ದಲ್ಲೇ ಇತ್ತು. ಅದು ಖಿನ್ನತೆ ಮತ್ತು ಅದರ ಜೊತೆಗೂಡಿದ ಗಾಬರಿಯ ಕಾಯಿಲೆ ಎಂದು ಗೊತ್ತಾದ ಬಗೆಯನ್ನೂ, ಅಲ್ಲಿಂದ ಮುಂದಿನ ಹದಿನೆಂಟು ತಿಂಗಳ ಚಿಕಿತ್ಸೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ತುಂಗಭದ್ರೆಯ ನೀರಿನ ಭತ್ತದ ಸೀಮೆ ನಮ್ಮದು. ಅಪ್ಪ ಮೂರು ಎಕರೆ ಗದ್ದೆ ಮಾಡಿಕೊಂಡಿದ್ದರು. ಆ ವರ್ಷದ ಜೂನ್‌ನಲ್ಲಿ, ಶಾಲೆಗಳು ಆರಂಭವಾಗಿ ಕೆಲವೇ ವಾರಗಳಾಗಿದ್ದಾಗ, ಒಂದು ಬೆಳಗಿನ ಜಾವ ಹೃದಯಾಘಾತದಿಂದ ತೀರಿಕೊಂಡರು. ಹಿರಿಯ ಮಗನಾಗಿ ಮಾಡಬೇಕಾದುದನ್ನೆಲ್ಲ ಮಾಡಿದೆ. ಬಂದವರಿಗೆ ಊಟಕ್ಕಿಡುವುದು, ಪಹಣಿ ಬದಲಾವಣೆಗೆ ಅರ್ಜಿ ಹಾಕುವುದು, ಅವ್ವನ ಪಿಂಚಣಿಗೆ ಓಡಾಡುವುದು, ತಮ್ಮನೊಂದಿಗೆ ಗದ್ದೆಯ ಲೆಕ್ಕ ನೋಡುವುದು, ಇಷ್ಟರಲ್ಲಿ ಎರಡು ತಿಂಗಳು ಕಳೆದವು. ಆ ಎರಡು ತಿಂಗಳಲ್ಲಿ ನಾನು ಅತ್ತ ನೆನಪಿಲ್ಲ.

ಮೊದಲ ಸಲ ಅದು ಬಂದದ್ದು ತರಗತಿಯಲ್ಲಿ. ಹತ್ತನೆಯ ತರಗತಿಗೆ ಥೇಲ್ಸನ ಪ್ರಮೇಯವನ್ನು ಸಾಧಿಸುತ್ತಿದ್ದೆ. ತ್ರಿಭುಜ ಬರೆದು, ಸಮಾಂತರ ರೇಖೆ ಎಳೆದು, ಬಿಂದುಗಳಿಗೆ ಹೆಸರಿಡುವಷ್ಟರಲ್ಲಿ ಸೀಮೆಸುಣ್ಣ ಹಿಡಿದ ಬೆರಳುಗಳು ಜುಮ್ಮೆಂದವು. ಎದೆಯ ಬಡಿತ ಕಿವಿಗೆ ಕೇಳತೊಡಗಿತು. ಅಂಗಿ ಬೆನ್ನಿಗೆ ಅಂಟಿತು. ಇನ್ನೊಂದು ಗಳಿಗೆಯಲ್ಲಿ ಈ ಮಕ್ಕಳ ಮುಂದೆಯೇ ಸಾಯುತ್ತೇನೆ ಎಂಬುದು ಅನುಮಾನಕ್ಕೆ ಎಡೆಯಿಲ್ಲದಷ್ಟು ಖಚಿತವಾಗಿತ್ತು. ಹತ್ತು ನಿಮಿಷದಲ್ಲಿ ಎಲ್ಲವೂ ಇಳಿಯಿತು. ಸಹೋದ್ಯೋಗಿಯೊಬ್ಬರು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಇಸಿಜಿಯಲ್ಲಿ ಕಾಣುವಂಥದ್ದೇನೂ ಉಳಿದಿರಲಿಲ್ಲ.

ಅಲ್ಲಿಂದ ಪರೀಕ್ಷೆಗಳ ಸಾಲು ಹಿಡಿಯಿತು. ಬಳ್ಳಾರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿದೆ, ಯಂತ್ರದ ಮೇಲೆ ನಡೆಸಿ ಹೃದಯ ನೋಡುವ ಟಿಎಂಟಿ ಮಾಡಿಸಿದೆ. ಎರಡೂ ಸರಿಯಿದ್ದವು. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಮಾತ್ರೆ ಬರೆದುಕೊಟ್ಟರು. ‘ನಿಮಗೇನೂ ಆಗಿಲ್ಲ’ ಎಂದು ಒಬ್ಬ ವೈದ್ಯರು ನಗುತ್ತ ಬೆನ್ನು ತಟ್ಟಿದರು. ಅವರದು ಒಳ್ಳೆಯ ಮನಸ್ಸೇ, ಆದರೆ ಆ ಮಾತಿನಿಂದ ನನಗೆ ಆದ ಹಾನಿ ಬಹಳ. ಹೃದಯಕ್ಕೆ ಏನೂ ಆಗಿಲ್ಲ ಎಂಬುದನ್ನು ನಾನು ‘ನನಗೆ ಏನೂ ಆಗಿಲ್ಲ’ ಎಂದು ಕೇಳಿಸಿಕೊಂಡೆ. ಏನೂ ಆಗದವನು ರಾತ್ರಿ ಮೂರಕ್ಕೆ ಎದ್ದು ಕುಳಿತು ನಾಡಿ ಎಣಿಸುತ್ತಾನೆಂದರೆ ಅವನು ಹೇಡಿಯೇ ಇರಬೇಕು ಎಂದು ತೀರ್ಮಾನಿಸಿದೆ. ಸಹೋದ್ಯೋಗಿಗಳು ‘ಮನಸ್ಸು ಗಟ್ಟಿ ಮಾಡ್ಕೊಳ್ರಿ ಸರ್’ ಎಂದರು. ಊರಿನ ಹಿರಿಯರೊಬ್ಬರು ಗಾಳಿ ಸೋಕಿರಬಹುದೆಂದು ತಾಯತ ಕಟ್ಟಿಸಿದರು. ನಾನು ಅದನ್ನೂ ಕಟ್ಟಿಸಿಕೊಂಡೆ, ಏಕೆಂದರೆ ಆ ಹೊತ್ತಿಗೆ ಯಾರು ಏನು ಹೇಳಿದರೂ ಮಾಡುವ ಸ್ಥಿತಿಯಲ್ಲಿದ್ದೆ. ಇವರೆಲ್ಲರಿಗಿಂತ ಸತ್ಯಕ್ಕೆ ಹತ್ತಿರದ ಮಾತನ್ನು ಹೇಳಿದವಳು ಅವ್ವ. ಪಕ್ಕದ ಮನೆಯವರೊಡನೆ ಆಕೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು: ‘ಅವರಪ್ಪನ್ನ ಮನಸಿಗಿ ಹಚ್ಚಿಕೊಂಡಾನವ್ವ, ಯಾರ್ ಮುಂದೂ ಹೇಳವಲ್ಲ.’ ಓದಿದವನೆಂಬ ಹಮ್ಮಿನಲ್ಲಿ ನಾನು ಅದನ್ನು ತಳ್ಳಿಹಾಕಿದೆ.

ಚಳಿಗಾಲದ ಹೊತ್ತಿಗೆ ಎದೆಯ ಮಾತು ಹಿಂದೆ ಸರಿದು ಬೇರೊಂದು ಮುಂದೆ ಬಂದಿತ್ತು. ಅದನ್ನು ವಿವರಿಸುವುದು ಕಷ್ಟ. ದುಃಖವೆಂದರೆ ತಪ್ಪಾಗುತ್ತದೆ, ದುಃಖದಲ್ಲಿ ಒಂದು ಬಿಸಿ ಇರುತ್ತದೆ. ಇಲ್ಲಿ ಎಲ್ಲವೂ ಒಂದೇ ಸಮನಾಗಿ ಸಪ್ಪೆಯಾಗಿತ್ತು. ಸಂಜೆ ಬಸ್ ನಿಲ್ದಾಣದ ಬಳಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವುದು ನನಗೆ ಇಪ್ಪತ್ತು ವರ್ಷಗಳ ರೂಢಿ. ಆ ಡಿಸೆಂಬರ್‌ನಲ್ಲಿ ಒಂದು ದಿನ ತಟ್ಟೆ ಕೈಯಲ್ಲಿ ಹಿಡಿದು ನಿಂತಾಗ ಅದು ಬೇಕೋ ಬೇಡವೋ ಎಂಬುದೇ ಹೊಳೆಯದೆ ಹಾಗೆಯೇ ಇಟ್ಟು ಬಂದೆ. ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಒಂದೇ ಪುಟವನ್ನು ನಾಲ್ಕು ಸಲ ಓದುತ್ತಿದ್ದೆ. ಮಗಳು ಏನೋ ಕೇಳಿದರೆ ಉತ್ತರ ಕೊಡಲು ಬಾಯಿ ಎತ್ತುವುದೇ ಒಂದು ಕೆಲಸವಾಗುತ್ತಿತ್ತು. ರಾತ್ರಿ ಹತ್ತಕ್ಕೆ ಮಲಗಿದರೆ ಮೂರಕ್ಕೆ ಎಚ್ಚರ, ಮತ್ತೆ ನಿದ್ದೆಯಿಲ್ಲ. ಆ ಮೂರರಿಂದ ಆರರ ನಡುವಿನ ಹೊತ್ತಿನಲ್ಲಿ ಬರುತ್ತಿದ್ದ ಯೋಚನೆಗಳನ್ನು ನಾನು ಹೆಂಡತಿಯ ಮುಂದೆಯೂ ಆಡಿರಲಿಲ್ಲ.

ಫೆಬ್ರುವರಿಯ ಅಂಥದೊಂದು ರಾತ್ರಿ ನಾನು 14416ಕ್ಕೆ ಕರೆ ಮಾಡಿದೆ. ಟೆಲಿ ಮಾನಸ್ ಎಂಬ ಈ ಸಹಾಯವಾಣಿಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಆರಂಭಿಸಿತ್ತು. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ. ಶಾಲೆಗೆ ಬಂದ ಸುತ್ತೋಲೆಯೊಂದರಲ್ಲಿ ಮಕ್ಕಳಿಗೆ ತಿಳಿಸಬೇಕೆಂದು ಆ ಸಂಖ್ಯೆ ಇತ್ತು, ಕಪ್ಪು ಹಲಗೆಯ ಮೂಲೆಯಲ್ಲಿ ನಾನೇ ಬರೆದಿದ್ದೆ. ಭಾಷೆ ಆರಿಸಿದ ಮೇಲೆ ಒಬ್ಬ ಹೆಣ್ಣುಮಗಳು ಮಾತನಾಡಿದರು. ನಾನು ಎಂದಿನಂತೆ ಎದೆಯಿಂದಲೇ ಆರಂಭಿಸಿದೆ. ಅವರು ಕೊನೆಯವರೆಗೆ ಕೇಳಿಸಿಕೊಂಡು, ‘ಎದೆ ಹಿಡಿದ ಹಾಗೆ ಆಗೋದಕ್ಕೆ ಮೊದಲು ಮನಸ್ಸಿನಲ್ಲಿ ಏನು ಓಡ್ತಿರುತ್ತೆ?’ ಎಂದರು. ಆರು ತಿಂಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಉತ್ತರ ಹೇಳಲು ಹೋಗಿ ಗಂಟಲು ಕಟ್ಟಿತು, ಮಾತು ಹೊರಡಲಿಲ್ಲ. ಅವರು ಕಾದರು. ಕೊನೆಗೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಅಲ್ಲಿಗೆ ಹೋಗಿ, ಒಬ್ಬರೇ ಹೋಗಬೇಡಿ, ಮನೆಯವರನ್ನು ಕರೆದುಕೊಂಡು ಹೋಗಿ ಎಂದು ಹೇಳಿದರು. ಬೆಳಗಾದ ಮೇಲೆ ಹೆಂಡತಿಯೊಂದಿಗೆ ಮಾತನಾಡಿದೆ. ಆಕೆ ಮರುಮಾತಾಡದೆ, ‘ನಡೀರಿ, ಹೋಗೋಣ’ ಎಂದಳು.

ಹೋಗಲು ಮತ್ತೂ ಎರಡು ಮಂಗಳವಾರ ತಪ್ಪಿಸಿದೆ. ಸೇವಾ ಪುಸ್ತಕದಲ್ಲಿ ಇದು ಬರೆಯಲ್ಪಡುತ್ತದೆ, ಮುಂದೆ ಬಡ್ತಿಗೆ ಅಡ್ಡಿಯಾಗುತ್ತದೆ, ‘ಆ ಮೇಷ್ಟ್ರಿಗೆ ತಲೆ ಕೆಟ್ಟಿದೆ’ ಎಂದು ಊರಾಡುತ್ತದೆ ಎಂಬ ಅಂಜಿಕೆಗಳು ಸಣ್ಣವಾಗಿರಲಿಲ್ಲ. ಮಾರ್ಚ್‌ನ ಮೊದಲ ಮಂಗಳವಾರ ಅಂತೂ ಹೋದೆವು. ಹೊರರೋಗಿಗಳ ಚೀಟಿ ಮಾಡಿಸಿ ಸಾಲಿನಲ್ಲಿ ಕುಳಿತಿದ್ದಾಗ ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ ಎದುರಾಗಿ, ‘ಏನ್ರೀ ಸರ್, ಇಲ್ಲಿ?’ ಎಂದಳು. ‘ಬಿಪಿ ತೋರಿಸಾಕ ಬಂದೀನವ್ವ’ ಎಂದೆ. ಹೆಂಡತಿ ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ.

ಆ ಬೆಳಿಗ್ಗೆಯ ಮುಖ್ಯ ಸಂಗತಿ ನಡೆದದ್ದು ವೈದ್ಯರ ಕೋಣೆಗೆ ಹೋಗುವ ಮೊದಲು, ಪಕ್ಕದ ಸಣ್ಣ ಕೋಣೆಯಲ್ಲಿ. ಆಪ್ತಸಮಾಲೋಚಕರು ಒಂದು ಹಾಳೆಯನ್ನು ಮುಂದಿಟ್ಟುಕೊಂಡು ಒಂಬತ್ತು ಪ್ರಶ್ನೆಗಳನ್ನು ಕೇಳಿದರು. ಕಳೆದ ಎರಡು ವಾರಗಳಲ್ಲಿ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿತ್ತೇ, ಮನಸ್ಸು ಕುಗ್ಗಿತ್ತೇ, ನಿದ್ದೆ ಹೇಗಿತ್ತು, ದಣಿವು, ಹಸಿವು, ತನ್ನ ಬಗ್ಗೆಯೇ ಕೀಳು ಭಾವನೆ, ಗಮನ ನಿಲ್ಲದಿರುವುದು, ಮಾತು ನಡೆ ನಿಧಾನವಾಗುವುದು ಅಥವಾ ಚಡಪಡಿಕೆ, ಕೊನೆಯದು ಬದುಕು ಬೇಡವೆನಿಸುವುದು. ಇಲ್ಲವೇ ಇಲ್ಲವೆಂದರೆ ಸೊನ್ನೆ, ಕೆಲವು ದಿನವೆಂದರೆ ಒಂದು, ಅರ್ಧಕ್ಕಿಂತ ಹೆಚ್ಚು ದಿನವೆಂದರೆ ಎರಡು, ಹೆಚ್ಚುಕಡಿಮೆ ಪ್ರತಿದಿನವೆಂದರೆ ಮೂರು. ಒಟ್ಟು 27 ಅಂಕ. ಪಿಎಚ್‌ಕ್ಯೂ-9 ಎಂಬ ಈ ಪ್ರಶ್ನಾವಳಿಯನ್ನು ಜಗತ್ತಿನ ಎಲ್ಲೆಡೆ ಬಳಸುತ್ತಾರೆಂದು ಆಮೇಲೆ ತಿಳಿಯಿತು. ಇದೊಂದರಿಂದಲೇ ಕಾಯಿಲೆಯನ್ನು ನಿರ್ಧರಿಸುವುದಿಲ್ಲ, ವೈದ್ಯರು ಮಾತನಾಡಿಸಿಯೇ ನಿರ್ಧರಿಸುತ್ತಾರೆ. ಆದರೆ ನನಗೆ ಆ ಹಾಳೆ ಕೊಟ್ಟದ್ದು ಬೇರೆಯೇ. ಏಳು ತಿಂಗಳಿಂದ ಬಿಡಿಬಿಡಿಯಾಗಿ ಅನುಭವಿಸುತ್ತಿದ್ದ, ಒಂದಕ್ಕೊಂದು ಸಂಬಂಧವಿಲ್ಲವೆಂದು ತಿಳಿದಿದ್ದ ನಿದ್ದೆ, ಹಸಿವು, ಮರೆವು, ನಾಚಿಕೆಗಳೆಲ್ಲ ಒಂದೇ ಪಟ್ಟಿಯಲ್ಲಿ ಅಚ್ಚಾಗಿ ನನ್ನ ಮುಂದಿದ್ದವು. ಬೇರೆಯವರಿಗೂ ಇವು ಒಟ್ಟಾಗಿಯೇ ಬರುತ್ತವೆ ಎಂಬುದಕ್ಕೆ ಆ ಹಾಳೆಯೇ ಸಾಕ್ಷಿಯಾಗಿತ್ತು.

ಒಂಬತ್ತನೆಯ ಪ್ರಶ್ನೆಗೆ ನಾನು ಬಹಳ ಹೊತ್ತು ಸುಮ್ಮನಿದ್ದೆ. ಅವರು ಲೇಖನಿಯನ್ನು ಕೆಳಗಿಟ್ಟು ನೇರವಾಗಿ ಕೇಳಿದರು: ‘ಸತ್ತುಹೋದ್ರೆ ಸಾಕು ಅಂತ ಅನ್ಸೈತೇನ್ರಿ ಸರ್?’ ಹೌದೆಂದೆ. ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ನಮ್ಮ ಜನರಲ್ಲಿದೆ. ನನ್ನ ಅನುಭವ ಅದಕ್ಕೆ ಪೂರ್ತಿ ವಿರುದ್ಧವಾದುದು, ಮನೋವೈದ್ಯರೂ ಇದನ್ನೇ ಹೇಳುತ್ತಾರೆ. ಕೇಳಿದ ಕ್ಷಣದಲ್ಲಿ ನಾನು ಒಬ್ಬನೇ ಹೊತ್ತಿದ್ದ ಮೂಟೆಯ ಇನ್ನೊಂದು ತುದಿಯನ್ನು ಯಾರೋ ಹಿಡಿದಂತಾಯಿತು. ಇದರಿಂದ ಪೊಲೀಸು, ಕೇಸು ಏನಾದರೂ ಆಗುತ್ತದೆಯೇ ಎಂದು ಕೇಳಿದೆ. ಅಂಥ ಯೋಚನೆ ಬರುವುದು ಎಂದೂ ಅಪರಾಧವಲ್ಲವೆಂದೂ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದ್ದು, ಪ್ರಯತ್ನಪಟ್ಟವರನ್ನೂ ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಿ ಆರೈಕೆ ಕೊಡಬೇಕೆಂದು ಹೇಳುತ್ತದೆಂದೂ, ಇಲ್ಲಿ ಆಡಿದ್ದನ್ನು ಗುಟ್ಟಾಗಿಡುವುದು ರೋಗಿಯ ಹಕ್ಕೆಂದೂ ತಿಳಿಸಿದರು. ಆಮೇಲೆ ನನ್ನ ಒಪ್ಪಿಗೆ ಪಡೆದು ಹೆಂಡತಿಯನ್ನು ಒಳಗೆ ಕರೆದು, ಗದ್ದೆಗೆಂದು ಮನೆಯಲ್ಲಿಟ್ಟ ಕೀಟನಾಶಕವೇನಾದರೂ ಇದ್ದರೆ ಇವತ್ತೇ ತಮ್ಮನ ಮನೆಗೆ ಸಾಗಿಸಿ ಬೀಗ ಹಾಕಿಸಿ, ರಾತ್ರಿ ಇವರನ್ನು ಒಬ್ಬರೇ ಬಿಡಬೇಡಿ ಎಂದರು. ಆ ಸಂಜೆಯೇ ತಮ್ಮ ಬಂದು ಡಬ್ಬಿಗಳನ್ನು ಒಯ್ದ. ಕಾರಣವನ್ನು ಅವನು ಕೇಳಲಿಲ್ಲ, ತಿಳಿದುಕೊಂಡಿದ್ದ.

ನನ್ನ ಅಂಕ 17 ಬಂದಿತ್ತು. ವೈದ್ಯರು ಹಿಂದಿನ ಎಲ್ಲ ವರದಿಗಳನ್ನೂ ನೋಡಿ, ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆಗಳನ್ನು ಬರೆದರು. ಥೈರಾಯ್ಡ್ ಕಡಿಮೆಯಾದರೂ ಬಿ12 ಕೊರತೆಯಾದರೂ ಇಂಥ ಲಕ್ಷಣಗಳು ಬರಬಹುದಂತೆ. ಎದೆ ಹಿಡಿಯುವುದರ ಬಗೆಯನ್ನೂ ಅವರೇ ಬಿಡಿಸಿ ಹೇಳಿದರು. ಅಪಾಯ ಎದುರಾದಾಗ ಓಡಲು ಅಥವಾ ಹೋರಾಡಲು ದೇಹ ಅಡ್ರಿನಲಿನ್ ಸುರಿಸುತ್ತದೆ, ಎದೆ ಬಡಿಯುತ್ತದೆ, ಬೆವರು ಬರುತ್ತದೆ; ಅಪಾಯವೇ ಇಲ್ಲದಾಗಲೂ ಆ ಗಂಟೆ ಹೊಡೆದುಕೊಂಡರೆ ಅದೇ ಪ್ಯಾನಿಕ್. ಗಾಬರಿಯಲ್ಲಿ ಬೇಗಬೇಗ ಉಸಿರಾಡುವುದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತಗ್ಗಿ ಬೆರಳುಗಳು ಜುಮ್ಮೆನ್ನುತ್ತವೆ, ತಲೆ ಹಗುರವಾಗುತ್ತದೆ, ಅದನ್ನು ಕಂಡು ಗಾಬರಿ ಇನ್ನೂ ಏರುತ್ತದೆ. ಉಸಿರನ್ನು ಒಳಗೆ ಎಳೆದುಕೊಳ್ಳಲು ಹೆಣಗದೆ ನಿಧಾನವಾಗಿ ಹೊರಬಿಡುವುದನ್ನು ಕಲಿಯಬೇಕೆಂದರು. ಅಂಕಿಸಂಖ್ಯೆಯ ಮನುಷ್ಯನಾದ ನನಗೆ ಕಾರಣ ತಿಳಿದದ್ದೇ ಅರ್ಧ ಧೈರ್ಯ ಕೊಟ್ಟಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಚಿಕಿತ್ಸೆಗಾಗಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕೇನೋ ಎಂದುಕೊಂಡಿದ್ದವನಿಗೆ, ತಾಲ್ಲೂಕು ಆಸ್ಪತ್ರೆಯಲ್ಲೇ ಇದು ದೊರೆಯುವಂತಾದ ಕಥೆ ಆರಂಭವಾದದ್ದು ನನ್ನದೇ ಜಿಲ್ಲೆಯಲ್ಲಿ ಎಂಬುದು ಆಮೇಲೆ ಓದಿ ತಿಳಿಯಿತು. ದೇಶದ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು 1982ರಲ್ಲಿ. ಅದನ್ನು ಜಿಲ್ಲಾ ಮಟ್ಟದಲ್ಲಿ ನಡೆಸುವುದು ಹೇಗೆಂಬುದನ್ನು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್ 1980ರ ದಶಕದ ನಡುವಿನಿಂದ ಕೆಲವು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿತು. ಇಂದಿನ ವಿಜಯನಗರ ಜಿಲ್ಲೆಯ ಊರುಗಳೂ ಆಗ ಬಳ್ಳಾರಿಗೇ ಸೇರಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಅಗತ್ಯದ ಕೆಲವೇ ಔಷಧಿಗಳನ್ನು ಅಲ್ಲಿಯೇ ಸಿಗುವಂತೆ ಮಾಡಿದ ಆ ಪ್ರಯೋಗವನ್ನು ‘ಬಳ್ಳಾರಿ ಮಾದರಿ’ ಎಂದೇ ಕರೆದರು, ಅದನ್ನು ಆಧರಿಸಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಟು ಆ ದಾರಿಯ ಮುಂದುವರಿಕೆಯೇ. ಆ ಪ್ರಯೋಗದ ಕಾಲಕ್ಕೆ ನಾನು ಕನ್ನಡ ಶಾಲೆಯ ಹುಡುಗ. ನಮ್ಮ ಓಣಿಯಲ್ಲಿ ಮೂರ್ಛೆ ರೋಗವಿದ್ದ ಒಬ್ಬ ಹೆಣ್ಣುಮಗಳು ಪ್ರತಿ ತಿಂಗಳು ಆರೋಗ್ಯ ಕೇಂದ್ರದಿಂದ ಮಾತ್ರೆ ತರುತ್ತಿದ್ದುದು, ಮಾತ್ರೆ ಆರಂಭವಾದ ಮೇಲೆ ಆಕೆ ಬಾವಿಗೆ ಒಬ್ಬಳೇ ನೀರಿಗೆ ಹೋಗುವಂತಾದದ್ದು ನೆನಪಿದೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇದೆ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುವುದಿಲ್ಲ. ನಮ್ಮ ಶಾಲೆಯ ಸಿಬ್ಬಂದಿಗೆ ಆ ಲೆಕ್ಕ ಹೊಂದಿಸಿದರೆ ಒಬ್ಬರೋ ಇಬ್ಬರೋ ಆಗುತ್ತಾರೆ. ಆ ಒಬ್ಬ ನಾನಾಗಿದ್ದೆ, ಮಾದರಿ ಹುಟ್ಟಿದ ಜಿಲ್ಲೆಯಲ್ಲೇ ಇದ್ದು ಏಳು ತಿಂಗಳು ಅದರ ಬಾಗಿಲು ತಟ್ಟಿರಲಿಲ್ಲ.

ಔಷಧಿಯಾಗಿ ಎಸ್ಸಿಟಾಲೋಪ್ರಾಮ್ ಎಂಬ ಮಾತ್ರೆಯನ್ನು ಮೊದಲ ವಾರ 5 ಮಿಲಿಗ್ರಾಂ, ಆಮೇಲೆ 10 ಮಿಲಿಗ್ರಾಂ ಕೊಟ್ಟರು. ನಿದ್ದೆಗೆಂದು ಬೇರೊಂದು ಮಾತ್ರೆಯನ್ನು ಎರಡೇ ವಾರಕ್ಕೆ ಕೊಟ್ಟು, ಅದು ರೂಢಿಯಾಗಬಾರದೆಂದು ನಿಲ್ಲಿಸಿದರು. ಎಸ್ಸಿಟಾಲೋಪ್ರಾಮ್ ಚಟ ಹಿಡಿಸುವ ಮಾತ್ರೆಯಲ್ಲ, ಆದರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಆರು ವಾರ ಬೇಕು ಎಂದು ಮೊದಲೇ ಎಚ್ಚರಿಸಿದ್ದರು. ಆ ಎಚ್ಚರಿಕೆ ಇಲ್ಲದಿದ್ದರೆ ನಾನು ಐದನೆಯ ದಿನವೇ ಬಿಟ್ಟುಬಿಡುತ್ತಿದ್ದೆ, ಏಕೆಂದರೆ ಮೊದಲ ವಾರ ಸಿಕ್ಕಿದ್ದು ಹೊಟ್ಟೆ ತೊಳಸುವಿಕೆ ಮತ್ತು ಇನ್ನಷ್ಟು ಚಡಪಡಿಕೆ. ದಾಂಪತ್ಯದ ಆಸಕ್ತಿ ಕುಂದಿತು. ಇದನ್ನು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಇದೇ ಕಾರಣಕ್ಕೆ ಅನೇಕರು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ. ವೈದ್ಯರಿಗೆ ಹೇಳಿದರೆ ಅದಕ್ಕೂ ದಾರಿಗಳಿವೆ. ಮೂರನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಎಚ್ಚರವಾದಾಗ ಗಡಿಯಾರದಲ್ಲಿ ಐದೂವರೆ ಆಗಿತ್ತು. ಮೂರಕ್ಕೆ ಎಚ್ಚರವಾಗದೆ ಮಲಗಿದ್ದ ಮೊದಲ ರಾತ್ರಿ ಅದು.

ಆದರೆ ಮಾತ್ರೆ ನನ್ನನ್ನು ಮಾತನಾಡುವಷ್ಟು ಎತ್ತಿ ಕೂರಿಸಿತು ಅಷ್ಟೆ. ಮಾತು ಹೊರಬಂದದ್ದು ಏಪ್ರಿಲ್‌ನಲ್ಲಿ, ಆಪ್ತಸಮಾಲೋಚಕರ ಮೂರನೆಯ ಭೇಟಿಯಲ್ಲಿ. ‘ಅಪ್ಪಾರು ತೀರಿಕೊಂಡ ರಾತ್ರಿ ನೀವು ಎಲ್ಲಿದ್ರಿ ಸರ್?’ ಎಂದು ಅವರು ಕೇಳಿದರು. ಮನೆಯಲ್ಲೇ ಇದ್ದೆ. ರಾತ್ರಿ ಒಂಬತ್ತಕ್ಕೆ ಅಪ್ಪ ನನ್ನನ್ನು ಕರೆದು ಎದೆ ಉರಿಯುತ್ತದೆ ಎಂದಿದ್ದರು. ‘ಗ್ಯಾಸ್ ಆಗಿರ್ಬೇಕಪ್ಪಾ’ ಎಂದು ನಾನೇ ಒಂದು ಮಾತ್ರೆ ಕೊಟ್ಟು, ನೀರು ಕುಡಿಸಿ ಮಲಗಿಸಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಅವ್ವ ಎಬ್ಬಿಸಿದಾಗ ಎಲ್ಲ ಮುಗಿದಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವ್ವನಿಗೂ ಆ ಮಾತ್ರೆಯ ವಿಷಯ ಗೊತ್ತಿರಲಿಲ್ಲ. ನನ್ನ ಎದೆಗೂ ಗ್ಯಾಸ್ ಮಾತ್ರೆ ಬರೆದುಕೊಟ್ಟ ದಿನ ಆಸ್ಪತ್ರೆಯ ಹೊರಗಿನ ಔಷಧ ಅಂಗಡಿಯ ಮುಂದೆ ನಿಂತು ನಾನು ನಡುಗಿದ್ದೇಕೆಂಬುದು ಆ ಕೋಣೆಯಲ್ಲಿ ಹೇಳುತ್ತ ಹೋದಂತೆ ನನಗೇ ತಿಳಿಯಿತು. ಅವತ್ತು ನಾನು ಅತ್ತುಬಿಟ್ಟೆ, ಹತ್ತು ತಿಂಗಳ ಮೇಲೆ.

ಅವರು ನನ್ನನ್ನು ಸಮಾಧಾನಪಡಿಸಲು ಅವಸರ ಮಾಡಲಿಲ್ಲ. ಒಂದು ನೋಟ್‌ಬುಕ್ ಇಡಲು ಹೇಳಿದರು. ಪುಟಕ್ಕೆ ಗೆರೆ ಎಳೆದು ಐದು ಕಾಲಮ್ ಮಾಡಿ, ಏನು ನಡೆಯಿತು, ಆಗ ತಲೆಯಲ್ಲಿ ಬಂದ ವಿಚಾರ ಯಾವುದು, ಅದರಿಂದ ಹುಟ್ಟಿದ ಭಾವನೆ ಯಾವುದು ಮತ್ತು ನೂರಕ್ಕೆ ಎಷ್ಟು, ಆ ವಿಚಾರಕ್ಕೆ ಪುರಾವೆ ಏನು, ವಿರುದ್ಧದ ಪುರಾವೆ ಏನು ಎಂದು ಬರೆಯಬೇಕು. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಕ್ರಮದಿಂದ ಬಂದ ಅಭ್ಯಾಸ ಇದು. ನಾನು ಮೊದಲು ಎಡವಿದ್ದು ಮೂರನೆಯ ಕಾಲಮ್ಮಿನಲ್ಲಿ. ‘ಬ್ಯಾಸರ’ ಎಂದಷ್ಟೇ ಬರೆಯುತ್ತಿದ್ದೆ, ಎಲ್ಲ ಸಾಲಿಗೂ ಬ್ಯಾಸರ. ಅವರು ಅದನ್ನು ನೋಡಿ, ಇದು ಅಂಜಿಕೆಯೋ, ಸಿಟ್ಟೋ, ನಾಚಿಕೆಯೋ, ಕಳವಳವೋ, ಹಳಹಳಿಯೋ ಎಂದು ಒಂದೊಂದೇ ಪದವನ್ನು ಮುಂದಿಟ್ಟರು. ನಮ್ಮ ಭಾಷೆಯಲ್ಲಿ ಇಷ್ಟು ಪದಗಳಿವೆ, ನಾನು ಒಂದನ್ನೇ ಹಿಡಿದು ನಲವತ್ತು ವರ್ಷ ಬದುಕಿದ್ದೆ. ತಮ್ಮನ ಮೇಲೆ ಸಿಟ್ಟಿತ್ತು, ಅವನು ಆ ರಾತ್ರಿ ಊರಲ್ಲಿರಲಿಲ್ಲವೆಂದು. ಅಪ್ಪನ ಮೇಲೂ ಸಿಟ್ಟಿತ್ತು, ಬೀಡಿ ಬಿಡಲಿಲ್ಲವೆಂದು. ಹೆಸರು ಸಿಕ್ಕ ಮೇಲೆ ಅವು ಎದೆಯಲ್ಲಿ ಗಂಟಾಗಿ ಕೂರುವುದು ಕಡಿಮೆಯಾಯಿತು.

ಕೊನೆಗೆ ಒಂದು ರಾತ್ರಿ ‘ಅಪ್ಪನ ಸಾವಿಗೆ ನಾನೇ ಕಾರಣ’ ಎಂಬ ವಾಕ್ಯವನ್ನು ಬರೆದು, ನನಗೆ ತಿಳಿದ ರೀತಿಯಲ್ಲೇ ಅದನ್ನು ಸಾಧಿಸಲು ಕುಳಿತೆ. ದತ್ತ, ಸಾಧನೀಯ, ಸಾಧನೆ ಎಂದು ಬರೆದುಕೊಂಡೆ. ದತ್ತದಲ್ಲಿ: ವಯಸ್ಸು 71, ಐವತ್ತು ವರ್ಷದ ಬೀಡಿ, ಸಕ್ಕರೆ ಕಾಯಿಲೆ, ಆ ವರ್ಷ ಮೂರು ಸಲ ಇದೇ ಎದೆಯುರಿ ಬಂದು ಇದೇ ಮಾತ್ರೆಗೆ ಹೋಗಿತ್ತು, ಅಂದು ಬೆವರಿರಲಿಲ್ಲ, ತೋಳು ನೋವೆಂದಿರಲಿಲ್ಲ, ಮಜ್ಜಿಗೆ ಅನ್ನ ಉಂಡಿದ್ದರು. ನಾಲ್ಕನೆಯ ಹೆಜ್ಜೆಯಲ್ಲಿ ‘ಅದು ಹೃದಯಾಘಾತವಾಗಿತ್ತು’ ಎಂದು ಬರೆದೆ. ಅಲ್ಲಿ ಕೈ ನಿಂತಿತು. ಮಕ್ಕಳು ಪ್ರಮೇಯ ಬರೆಯುವಾಗ ಮಾಡುವ, ನಾನು ವರ್ಷಕ್ಕೆ ನೂರು ಸಲ ಕೆಂಪು ಶಾಯಿಯಲ್ಲಿ ಸುತ್ತು ಹಾಕುವ ತಪ್ಪು ಅದು. ಕೊನೆಗೆ ತಿಳಿಯಬೇಕಾದುದನ್ನು ಮೊದಲೇ ದತ್ತವೆಂದು ಹಿಡಿಯುವುದು. ಬೆಳಗಿನ ನಾಲ್ಕಕ್ಕೆ ತಿಳಿದದ್ದನ್ನು ರಾತ್ರಿ ಒಂಬತ್ತರ ದತ್ತದಲ್ಲಿ ಬರೆದುಕೊಂಡು ನಾನು ಹತ್ತು ತಿಂಗಳು ನನ್ನ ವಿರುದ್ಧ ತೀರ್ಪು ಕೊಡುತ್ತ ಬಂದಿದ್ದೆ. ಆ ಸಾಲಿಗೆ ನಾನೇ ಕೆಂಪು ಸುತ್ತು ಹಾಕಿದೆ. ಆ ಪುಟ ಈಗಲೂ ಇದೆ.

ಅದರಿಂದ ದುಃಖ ಹೋಗಲಿಲ್ಲ, ಹೋಗಬೇಕೆಂದೂ ಇರಲಿಲ್ಲ. ಅವತ್ತೇ ಆಸ್ಪತ್ರೆಗೆ ಕರೆದೊಯ್ದಿದ್ದರೆ ಎಂಬ ಹಳಹಳಿ ಇಂದಿಗೂ ಬರುತ್ತದೆ. ಆದರೆ ಹಳಹಳಿ ಬಂದ ದಿನವೂ ಊಟ ರುಚಿಸುತ್ತದೆ, ಮಗಳ ಮಾತಿಗೆ ನಗು ಬರುತ್ತದೆ. ದುಃಖಕ್ಕೂ ಖಿನ್ನತೆಗೂ ಇರುವ ವ್ಯತ್ಯಾಸ ನನಗೆ ಇಲ್ಲಿಯೇ ತಿಳಿದದ್ದು. ದುಃಖದಲ್ಲಿ ಅಗಲಿದವರ ಬೆಲೆ ದೊಡ್ಡದಾಗಿ ಕಾಣುತ್ತದೆ, ಖಿನ್ನತೆಯಲ್ಲಿ ತನ್ನ ಬೆಲೆಯೇ ಇಲ್ಲವಾಗಿ ಕಾಣುತ್ತದೆ. ಮೇ ತಿಂಗಳ ರಜೆಯಲ್ಲಿ ಅವ್ವನಿಗೂ ಆ ಮಾತ್ರೆಯ ವಿಷಯ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ‘ನಾನೂ ಅಂವಗ ಸೋಡಾ ಕುಡಿಸಿದ್ನೆಪ್ಪಾ, ನೀ ಮಲಗಿದ್ ಮ್ಯಾಲೆ’ ಎಂದಳು. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಭಾರವನ್ನು ಹೊತ್ತು ಬೇರೆ ಬೇರೆ ಕೋಣೆಗಳಲ್ಲಿ ಮಲಗುತ್ತಿದ್ದೆವು.

ಉಳಿದ ಅಭ್ಯಾಸಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಮನಸ್ಸು ಬಂದಾಗ ಮಾಡೋಣವೆಂದು ಕಾಯಬಾರದು, ಮಾಡಿದ ಮೇಲೆ ಮನಸ್ಸು ಬರುತ್ತದೆ ಎಂದು ಹೇಳಿ, ದಿನಕ್ಕೊಂದು ಸಣ್ಣ ಕೆಲಸವನ್ನು ಗೊತ್ತುಮಾಡಿದ ಹೊತ್ತಿಗೆ ಮಾಡುವಂತೆ ಒಪ್ಪಿಸಿದರು. ನಾನು ಬೆಳಿಗ್ಗೆ ಆರಕ್ಕೆ ಕಾಲುವೆಯ ಏರಿಯ ಮೇಲೆ ನಡೆಯುವುದನ್ನು ಆರಿಸಿಕೊಂಡೆ. ಮೊದಲ ದಿನ ಇನ್ನೂರು ಹೆಜ್ಜೆಗೆ ಹಿಂದಿರುಗಿದೆ, ಅದನ್ನೂ ಬರೆದಿಟ್ಟೆ. ಮೂರು ತಿಂಗಳಲ್ಲಿ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಕೆಂಚನಗುಡ್ಡದವರೆಗೆ ಹೋಗಿ ಹೊಳೆಯ ಬಂಡೆಗಳ ಮೇಲೆ ಕುಳಿತು ಬಂದೆವು.

ಜುಲೈ ಹೊತ್ತಿಗೆ ಪೂರ್ತಿ ಗುಣವಾಯಿತೆಂದುಕೊಂಡೆ. ಮಾತ್ರೆ ಮುಗಿದ ದಿನ ಮತ್ತೆ ತರಲಿಲ್ಲ, ಯಾರನ್ನೂ ಕೇಳಲಿಲ್ಲ. ಮೂರನೆಯ ದಿನ ತಲೆ ತಿರುಗಿ, ಕತ್ತು ಹೊರಳಿಸಿದರೆ ತಲೆಯೊಳಗೆ ಕರೆಂಟು ಹೊಡೆದಂತಾಗತೊಡಗಿತು. ಐದಾರು ವಾರಗಳಲ್ಲಿ ಬೆಳಗಿನ ಮೂರರ ಎಚ್ಚರ ಹಿಂದಿರುಗಿತು. ತಪ್ಪು ನನ್ನದೇ. ವೈದ್ಯರು ಬೈಯಲಿಲ್ಲ. ಇಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಹೀಗಾಗುತ್ತದೆ, ಚೆನ್ನಾದ ಮೇಲೂ ಕನಿಷ್ಠ ಆರು ತಿಂಗಳಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು ಎಂದು ಮೊದಲೇ ಹೇಳಿದ್ದನ್ನು ಮತ್ತೆ ಹೇಳಿದರು. ಮರಳಿ ಆರಂಭಿಸಿ, 2024ರ ಬೇಸಿಗೆ ಕಳೆದ ಮೇಲೆ ಇಳಿಸುತ್ತ ಬಂದು, ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದೆವು. ಆ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋಗಿ ಇಡೀ ಸೀಮೆ ಬೆಳೆಯ ಚಿಂತೆಯಲ್ಲಿ ನಿದ್ದೆಗೆಟ್ಟಿತ್ತು. ನಾನೂ ನಿದ್ದೆಗೆಟ್ಟೆ. ಆದರೆ ನೋಟ್‌ಬುಕ್ಕಿನಲ್ಲಿ ‘ಕಳವಳ, 60’ ಎಂದು ಬರೆದೆ, ಕಾರಣವನ್ನೂ ಬರೆದೆ, ಎದೆ ಹಿಡಿಯಲಿಲ್ಲ.

ಮಾತ್ರೆ ನಿಲ್ಲಿಸಿದ ಮೇಲೆಯೂ ಎರಡು ತಿಂಗಳಿಗೊಮ್ಮೆ ತೋರಿಸಿಕೊಂಡು ಬಾ ಎಂದಿದ್ದರು. ನವೆಂಬರ್‌ನ ಒಂದು ಮಂಗಳವಾರ ಅದೇ ಬೆಂಚಿನ ಮೇಲೆ ಕುಳಿತಿದ್ದಾಗ ಅದೇ ಹುಡುಗನ ತಾಯಿ ಮತ್ತೆ ಸಿಕ್ಕಳು. ಮಗ ಈಗ ಪಿಯುಸಿಯಲ್ಲಿದ್ದಾನೆಂದು ಹೇಳಿ, ‘ಬಿಪಿ ಇನ್ನಾ ಕಡಿಮಿ ಆಗಿಲ್ಲೇನ್ರಿ ಸರ್?’ ಎಂದು ಕೇಳಿದಳು. ‘ಬಿಪಿ ಅಲ್ಲವ್ವ, ಮನಸಿನ ಡಾಕ್ಟರಿಗೆ ತೋರಿಸಾಕ ಬಂದೀನಿ. ಅವತ್ತೂ ಅದಕ್ಕೇ ಬಂದಿದ್ದೆ’ ಎಂದೆ. ಆಕೆ ಸೆರಗು ಸರಿಮಾಡಿಕೊಂಡು ಆಚೆ ಈಚೆ ನೋಡಿ, ಬೆಂಚಿನ ತುದಿಯಲ್ಲಿ ಕುಳಿತು, ದನಿ ತಗ್ಗಿಸಿ, ‘ನಮ್ಮ ತಮ್ಮಗ ಒಂದ್ ವರ್ಷಾತ್ರಿ ನಿದ್ದಿ ಇಲ್ಲ, ಹೊಟ್ಟಿ ಉರಿ ಅಂತಾನ, ಎಲ್ಲಾ ತೋರಿಸೀವಿ’ ಎಂದಳು. ಮಂಗಳವಾರ ಹತ್ತು ಗಂಟೆಯೊಳಗೆ ಬರಬೇಕೆಂದೂ, ಹಳೆಯ ವರದಿಗಳನ್ನೆಲ್ಲ ತರಬೇಕೆಂದೂ, ಜೊತೆಗೆ ಒಬ್ಬರು ಇರಬೇಕೆಂದೂ ಹೇಳಿ, ಆಕೆಯ ಚೀಟಿಯ ಹಿಂಬದಿಯಲ್ಲಿ 14416 ಎಂದು ಬರೆದುಕೊಟ್ಟೆ.